ಸಂಸೆಯ ಚಪ್ಪರಕ್ಕೆ ಹೊರಟ ಕರಿ ಕಾರು

ಕೂತಲ್ಲಿ ಕೂರುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಮೂಡಿಗೆರೆ ಪೇಟೆಯಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಬೆಳಿಗ್ಗೆ ಹಣೆಗೆ ವಿಭೂತಿ ಎಳೆದುಕೊಂಡು ಗಲ್ಲಾ ಪೆಟ್ಟಿಗೆಯ ಮುಂದೆ ಕೂತರೆ ಅವರು ಏಳುತ್ತಿದ್ದುದು ಮಧ್ಯಾಹ್ನದ ಊಟಕ್ಕೇ. ನನ್ನನ್ನೂ ಹಾಗೆ ಕೂರಿಸಲು ನೋಡಿದರು. ಕೂತೆ, ಆದರೆ ಕೈ ಸುಮ್ಮನಿರಬೇಕಲ್ಲ? ತಕ್ಕಡಿ ಬಿಚ್ಚಿದೆ, ಗೋಡೆ ಗಡಿಯಾರ ಬಿಚ್ಚಿದೆ. ಗಲ್ಲಾ ಪೆಟ್ಟಿಗೆಯ ಬೀಗವನ್ನೇ ಬಿಚ್ಚಿದ ದಿನ ಅಪ್ಪ ನನ್ನನ್ನು ಎಳೆದುಕೊಂಡು ಹೋಗಿ ಗೋವಿಂದಾಚಾರ್ರ ಗ್ಯಾರೇಜಿನಲ್ಲಿ ಬಿಟ್ಟರು. "ಇವ್ನಿಗೆ ಬಿಚ್ಚಾದು ಚೆನ್ನಾಗಿ ಬರುತ್ತೆ ಆಚಾರ್ರೆ. ಕೂಡ್ಸಾದು ನೀವು ಕಲ್ಸಿ" ಎಂದು ಹೇಳಿ ತಿರುಗಿ ನೋಡದೆ ಹೋದರು.

ಆಮೇಲೆ ಕೊಟ್ಟಿಗೆಹಾರದ ಕೂಡುರಸ್ತೆಯಲ್ಲಿ ನನ್ನದೇ ಗ್ಯಾರೇಜು ಹಾಕಿ ಅರ್ಧ ಆಯಸ್ಸು ಅಲ್ಲೇ ಕಳೆದೆ. ಈಗ ಮಂಡಿ ಕೈಕೊಟ್ಟಿದೆ. ಗ್ಯಾರೇಜು ಬೇರೆಯವರಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದೇನೆ, ಅಂದರೆ ಕೂರಲು ಹೆಣಗುತ್ತಿದ್ದೇನೆ. ಚೆನ್ನಾಗಿ ಓಡುತ್ತಿದ್ದ ಮಿಕ್ಸಿಯನ್ನು ಎರಡನೇ ಸಲ ಬಿಚ್ಚಿದಾಗ ನನ್ನ ಹೆಂಡತಿ ಕಾಗದ, ಪೆನ್ನು ತಂದು ಮುಂದಿಟ್ಟು, "ಅದೇನೇನು ಬಿಚ್ಚಿದ್ದೀರೋ ಎಲ್ಲಾ ಇದ್ರಲ್ಲಿ ಬರೀರಿ. ಅಡಿಗೆ ಮನೆಗೆ ಮಾತ್ರ ಬರ್ಬೇಡಿ" ಎಂದಳು. ಹಾಗಾಗಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಯಾರಾದರೂ ಓದಿದರೆ ಸಂತೋಷ.

ನಿಮಗೆ ಮೊದಲು ಹೇಳಬೇಕಾದ್ದು ಇದು. ಕೆಟ್ಟ ಗಾಡಿ ಸುಮ್ಮನೆ ನಿಂತಿರುತ್ತದೆ. ಅದರ ಪಕ್ಕ ನಿಂತವರು ಸುಮ್ಮನಿರುವುದಿಲ್ಲ. ಒಬ್ಬರಿಗೆ ಆಸ್ಪತ್ರೆಗೆ ಹೊತ್ತಾಗಿರುತ್ತದೆ, ಒಬ್ಬರಿಗೆ ಬಸ್ಸು ತಪ್ಪುತ್ತಿರುತ್ತದೆ, ಇನ್ನೊಬ್ಬರಿಗೆ ಹೆಂಡತಿಯ ಮುಂದೆ ಮಾನ ಹೋಗುತ್ತಿರುತ್ತದೆ. ಅವರೆಲ್ಲರ ಚಡಪಡಿಕೆ ನಿಮ್ಮ ಬೆನ್ನ ಮೇಲೆ ಬಂದು ಕೂರುತ್ತದೆ. ಗೋವಿಂದಾಚಾರ್ರಿಗೆ ಅದು ತಾಗುತ್ತಲೇ ಇರಲಿಲ್ಲ. ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು, ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಎಂಥ ದೊಡ್ಡ ಪ್ಲಾಂಟರ್ ಬಂದು ಪಕ್ಕದಲ್ಲಿ ಕೂಗಾಡಿದರೂ ಕಣ್ಣು ಬಿಡುತ್ತಿರಲಿಲ್ಲ. ನನಗೆ ಅವರಿಂದ ಎಲ್ಲ ವಿದ್ಯೆಯೂ ಬಂತು, ಅದೊಂದು ಬರಲಿಲ್ಲ. ಯಾರಾದರೂ ಅವಸರ ಮಾಡಿದರೆ ನನಗೆ ಅವರಿಗಿಂತ ಹೆಚ್ಚು ಅವಸರವಾಗುತ್ತದೆ.

ಕೊಟ್ಟಿಗೆಹಾರದ ಮಳೆಗಾಲ ನೋಡಿದವರಿಗೆ ಗೊತ್ತು. ಚಾರ್ಮಾಡಿ ಘಾಟಿ ಹತ್ತಿ ಬಂದ ಗಾಡಿಗಳು ಕೆಮ್ಮುತ್ತ ಕೆಮ್ಮುತ್ತ ನನ್ನ ಗ್ಯಾರೇಜಿನ ಮುಂದೆ ನಿಂತುಬಿಡುತ್ತಿದ್ದವು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ನೀರು ಕೂತಿರುತ್ತಿತ್ತು. ಒಣಗಿಸೋಣವೆಂದರೆ ಬಿಸಿಲೆಲ್ಲಿ? ಎದುರಿನ ಹೋಟೆಲಿನಲ್ಲಿ ನೀರುದೋಸೆ ಹುಯ್ಯುವ ಒಲೆಯ ಪಕ್ಕ ಇಟ್ಟು ಒಣಗಿಸುತ್ತಿದ್ದೆ. ಒಂದು ದಿನ ಹೋಟೆಲಿಗೆ ಹೊಸದಾಗಿ ಬಂದ ಹೆಂಗಸು ಅದ್ಯಾವುದೋ ಮಸಿ ಹಿಡಿದ ಮುಚ್ಚಳ ಎಂದುಕೊಂಡು ಸೋಪು ಹಾಕಿ ತಿಕ್ಕಿ ತೊಳೆದು ಬೋರಲು ಹಾಕಿದ್ದರು. ಮಂಗಳೂರಿನಿಂದ ಬಂದ ಆ ಸಂಸಾರ ಮತ್ತೊಂದು ಸುತ್ತು ದೋಸೆ ತಿನ್ನಬೇಕಾಯಿತು. ಈಗಿನ ಗಾಡಿಗಳಿಗೆ ಆ ಮುಚ್ಚಳವೇ ಇಲ್ಲ. ವೈರು ಚುಚ್ಚಿ ಕಂಪ್ಯೂಟರ್ ನೋಡಿದರೆ ಎಲ್ಲಿ ನೋವು ಎಂದು ಗಾಡಿಯೇ ಹೇಳುತ್ತದೆ. ಎರಡು ಸಾವಿರನೇ ಇಸವಿಯ ಆಚೆ ಆ ಯಂತ್ರ ನನ್ನ ಗ್ಯಾರೇಜಿಗೂ ಬಂತು. ನನಗೇನೂ ಅದರ ಮೇಲೆ ಮುನಿಸಿಲ್ಲ. ಆದರೆ ಪಕ್ಕದಲ್ಲಿ ನಿಂತವರ ನೋವನ್ನು ಅದು ಈಗಲೂ ಹೇಳುವುದಿಲ್ಲ.

ತೊಂಬತ್ತರ ದಶಕದಲ್ಲಿ ಕಾಫಿಯನ್ನು ಬೆಳೆಗಾರರೇ ಮಾರಿಕೊಳ್ಳಬಹುದು ಎಂದಾಯಿತಲ್ಲ, ಆಗ ನಮ್ಮ ಕಡೆಯ ಎಸ್ಟೇಟುಗಳಿಗೆ ಒಂದು ಹುರುಪು ಬಂತು. ಅಪ್ಪನ ಕಾಲದ, ಅಜ್ಜನ ಕಾಲದ ಕಾರುಗಳನ್ನು ಶೆಡ್ಡಿನಿಂದ ಹೊರಗೆಳೆದು ರಿಪೇರಿ ಮಾಡಿಸುವ ಹುಚ್ಚು ಹಿಡಿಯಿತು. ದಿನಾ ಒಬ್ಬರಲ್ಲ ಒಬ್ಬರು ಜೀಪು ಕಳಿಸಿ ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಒಂದು ಮನೆಯಲ್ಲಿ ಕಾರಿನ ಹಿಂದಿನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಯಜಮಾನರು ಗಾಡಿ ಹೊರಗೆ ತಳ್ಳಿಸಲು ಹೊರಟರೆ ಅವರ ತಾಯಿ ಬಾಗಿಲಿಗೆ ಅಡ್ಡ ನಿಂತು, "ಮರಿ ಒಡೆಯಾ ತನಕ ಒಬ್ರೂ ಮುಟ್ಟಕೂಡದು" ಎಂದುಬಿಟ್ಟರು. ನಾನು ದಿನ ಬಿಟ್ಟು ದಿನ ಹೋಗಿ ಆ ಕೋಳಿಯ ಮುಖ ನೋಡಿ ವಾಪಸು ಬರುತ್ತಿದ್ದೆ. ಅದೂ ನನ್ನ ಮುಖ ನೋಡುತ್ತಿತ್ತು. ಅದಕ್ಕಿದ್ದ ತಾಳ್ಮೆ ನನಗಿರಲಿಲ್ಲ.

ಈ ಹಳೇ ಕಾರುಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ್ದು ಬಾಳೂರಿನ ರತ್ನಾಕರ ಗೌಡರ ಕರಿ ಕಾರು. ಉದ್ದ ಮೂತಿಯ ಇಂಗ್ಲಿಷ್ ಗಾಡಿ. ಊರು ಬಿಟ್ಟು ಹೊರಟ ಬ್ರಿಟಿಷ್ ದೊರೆಯೊಬ್ಬನಿಂದ ಅವರ ತಂದೆ ಕೊಂಡದ್ದಂತೆ. ಕಂಪನಿಯ ಹೆಸರು ಬರೆಯುವುದಿಲ್ಲ. ಆ ದಿನ ಆದದ್ದರಲ್ಲಿ ಪಾಪ ಅದರ ತಪ್ಪೇನೂ ಇರಲಿಲ್ಲ.

ರತ್ನಾಕರ ಗೌಡರಿಗೆ ಒಬ್ಬರೇ ಅಣ್ಣ, ಮಂಜಪ್ಪ ಗೌಡರು. ಪಾಲಾದಾಗ ಅಣ್ಣನಿಗೆ ಸಂಸೆಯ ತೋಟ, ಗದ್ದೆ. ತಮ್ಮನಿಗೆ ಬಾಳೂರಿನ ಎಸ್ಟೇಟು. ತೋಟ, ಗದ್ದೆ, ಪಾತ್ರೆ ಪಗಡೆಗೆಲ್ಲ ಒಂದು ಮಾತಿಲ್ಲದೆ ಒಪ್ಪಿಕೊಂಡವರು ಕೊನೆಗೆ ಕಾರಿನ ಹತ್ತಿರ ಬಂದು ನಿಂತುಬಿಟ್ಟರು. ಹಿರಿಯರು ಚೀಟಿ ಎತ್ತಿಸಿದರು. ಕಾರು ತಮ್ಮನಿಗೆ ಬಂತು. ಪ್ರಾಯದಲ್ಲಿ ಅಪ್ಪನನ್ನು ಅದೇ ಕಾರಿನಲ್ಲಿ ಊರೂರು ತಿರುಗಿಸಿದವರು ಅಣ್ಣ. ಅವರು ಅವತ್ತು ಎಲೆ ಹಾಕಿದ ಪಂಕ್ತಿಯಲ್ಲಿ ಕೂರದೆ ಹೋಗಿ ಬಸ್ಸು ಹತ್ತಿದರಂತೆ. ಅಲ್ಲಿಂದಾಚೆಗೆ ಮಾತಿಲ್ಲ. ಕಳಸದ ಪೇಟೆಯಲ್ಲಿ ಒಬ್ಬರು ಎದುರು ಬಂದರೆ ಇನ್ನೊಬ್ಬರು ಬೇಡದ ಅಂಗಡಿಗೆ ಹೋಗಿ ಬೇಡದ ಸಾಮಾನಿನ ಬೆಲೆ ಕೇಳುತ್ತಿದ್ದರು. "ಅಪ್ಪನ ಕಾರು ಅವನ ಕೈಗೆ ಹೋಯ್ತು, ಕೆಟ್ಟು ಕೂತಿತು" ಎಂದು ಅಣ್ಣ ಆಡಿದ ಮಾತು ತಮ್ಮನ ಕಿವಿಗೆ ಬಿದ್ದು, ಆ ಹಟಕ್ಕೇ ರತ್ನಾಕರ ಗೌಡರು ಅದನ್ನು ನನ್ನ ಕೈಲಿ ಮೊದಲಿನಂತೆ ಮಾಡಿಸಿದ್ದರು.

ಹೀಗಿರುವಾಗ ಮಂಜಪ್ಪ ಗೌಡರ ಮಗಳಿಗೆ ಮದುವೆ ಗೊತ್ತಾಯಿತು. ಕಳಸದ ಛತ್ರದಲ್ಲಿ ಮದುವೆ, ಹಿಂದಿನ ದಿನ ಸಂಸೆಯ ಮನೆಯಲ್ಲಿ ಚಪ್ಪರ. ಅವರ ಅತ್ತೆಯೊಬ್ಬರ ಮೂಲಕ ಬಾಳೂರಿಗೆ ಒಂದೇ ಒಂದು ಮಾತು ಬಂತು. "ಮಗಳು ನಮ್ಮಪ್ಪನ ಕಾರಲ್ಲೇ ಮಂಟಪಕ್ಕೆ ಹೋಗ್ಬೇಕು. ಚಪ್ಪರದ ಹೊತ್ತಿಗೆ ಕಾರು ಬರ್ಲಿ." ಅಷ್ಟೇ. ತಮ್ಮನ ಸುದ್ದಿಯೇ ಇಲ್ಲ. ರತ್ನಾಕರ ಗೌಡರು ಇದನ್ನು ನನಗೆ ಹೇಳುವಾಗ ಮುಖದ ಮೇಲೆ ಸಂತೋಷವೂ ಇತ್ತು, ಮುಳ್ಳು ಚುಚ್ಚಿದಂಥ ನೋವೂ ಇತ್ತು. "ಕಾರು ಬರ್ಲಿ ಅಂದ ಮಾರಾಯ. ನೀನೂ ಬಾ ಅನ್ಲಿಲ್ಲ" ಎಂದರು. ಅವರ ಹೆಂಡತಿ ಸುಮಿತ್ರಮ್ಮನವರು ಒಳಗಿನಿಂದಲೇ, "ಕರೆ ಬಂತಲ್ಲ, ಅದು ನೋಡಿ. ಬಾಕಿದ್ದು ಆಮೇಲೆ ನೋಡಣ" ಎಂದರು.

ನಮ್ಮ ಕಡೆಯ ಚಪ್ಪರದ ವಿಷಯ ಗೊತ್ತಿಲ್ಲದವರಿಗೆ ಇಲ್ಲಿ ಹೇಳಬೇಕು. ಆ ಮನೆತನದವರಲ್ಲಿ ಚಪ್ಪರ ಏಳುವ ಮುಂಚೆ ಬಂದವನು ಮನೆಯವನು. ಅವನ ಕೈಗೆ ಕತ್ತಿಯೋ ಹಗ್ಗವೋ ಬರುತ್ತದೆ, ಕಂಬ ನೆಡಲು, ಸೊಪ್ಪು ಹೊದಿಸಲು ಸೇರಿಕೊಳ್ಳುತ್ತಾನೆ. ಚಪ್ಪರ ಎದ್ದ ಮೇಲೆ ಬಂದವನು ನೆಂಟ. ಅವನಿಗೆ ಚಾಪೆ ಹಾಸಿ ಉಪಚಾರ ಮಾಡುತ್ತಾರೆ. ಒಡಹುಟ್ಟಿದವನು ನೆಂಟನಾಗಿ ಹೋಗುವುದೆಂದರೆ ಹೋಗದೆ ಇರುವುದಕ್ಕಿಂತ ಕಷ್ಟ. ಇಷ್ಟು ವರ್ಷದ ಮೇಲೆ ಅಣ್ಣನ ಅಂಗಳದಲ್ಲಿ ತಾನು ಯಾರು ಎನ್ನುವುದು ರತ್ನಾಕರ ಗೌಡರಿಗೆ ಆ ದಿನ ಹೊತ್ತು ಮುಳುಗುವುದರೊಳಗೆ ಗೊತ್ತಾಗಬೇಕಿತ್ತು.

ಗುಟ್ಟು ಬಚ್ಚಿಟ್ಟು ಓದುವವರನ್ನು ಕಾಯಿಸುವುದು ನನ್ನ ಕೈಲಿ ಆಗುವುದಿಲ್ಲ. ಆದ್ದರಿಂದ ಕಾರು ಯಾಕೆ ಕೆಟ್ಟಿತೆಂದು ಈಗಲೇ ಹೇಳಿಬಿಡುತ್ತೇನೆ. ಅದರ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಯಾವಾಗಲೋ ಕಳೆದುಹೋಗಿ, ಆ ಜಾಗಕ್ಕೆ ಒಂದು ಬಟ್ಟೆಯ ಉಂಡೆ ತುರುಕಿರುತ್ತಿತ್ತು. ಅಣ್ಣನ ಮನೆಗೆ ಹೋಗುವಾಗ ಚಿಂದಿ ಬಟ್ಟೆ ಕಾಣಬಾರದೆಂದು ಗೌಡರು ಕಾಫಿ ಗಿಡದ ಗಟ್ಟಿ ಬೊಡ್ಡೆ ಆರಿಸಿ, ಚಿಕ್ಕಮಗಳೂರಿನಲ್ಲಿ ಊರುಗೋಲು ಕಡೆಯುವವರಿಂದ ಒಂದು ಬಿರಡೆ ಕಡೆಸಿಕೊಂಡು ಬಂದರು. ನುಣ್ಣಗೆ ಪಾಲಿಶ್ ಮಾಡಿ, ಪೆಟ್ರೋಲ್ ತುಳುಕಬಾರದೆಂದು ಸುತ್ತ ಸೈಕಲ್ ಟ್ಯೂಬಿನ ಬಳೆ ಬೇರೆ ಹಾಕಿಸಿದ್ದರು. ಬೆಳಿಗ್ಗೆ ಟ್ಯಾಂಕ್ ತುಂಬಿಸಿ ಆ ಬಿರಡೆಯನ್ನು ತಿರುವಿ ಕೂರಿಸಿದವನು ನಾನೇ. ಚೆನ್ನಾಗಿದೆ ಎಂದು ಹೊಗಳಿದೆ ಕೂಡ. ಟ್ಯಾಂಕಿಗೂ ಉಸಿರಾಡಲು ಸಂದು ಬೇಕು. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಬೀಳುವುದಿಲ್ಲವಲ್ಲ, ಹಾಗೆ. ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ಗಾಳಿ ಹೋಗದೆ, ಪಂಪು ಎಳೆದು ಎಳೆದು ಸೋತು ಗಾಡಿ ನಿಲ್ಲುತ್ತದೆ. ಒಂದಷ್ಟು ಹೊತ್ತು ಬಿಟ್ಟರೆ ಸಂದಿಯಿಂದ ಗಾಳಿ ಸೋರಿ ಹೋಗಿ ಮತ್ತೆ ಹೊರಡುತ್ತದೆ. ಇಷ್ಟೇ ವಿಷಯ.

ಚಪ್ಪರದ ದಿನ ಬೆಳಗಿನ ತಿಂಡಿ ಮುಗಿಸಿ ಹೊರಟೆವು. ಗೌಡರು ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ನಾನು, ಹಿಂದೆ ಸುಮಿತ್ರಮ್ಮನವರು ಮದುಮಗಳ ಸೀರೆಯ ಪೆಟ್ಟಿಗೆ ತಬ್ಬಿಕೊಂಡು. ಕಾಫಿ ಹೂ ಅರಳಿಸುವ ಹೂಮಳೆ ಆಗಿ ಹೋಗಿತ್ತು, ತೋಟವೆಲ್ಲ ಹಸಿರಾಗಿತ್ತು. ಕಾರು ಬೆಣ್ಣೆಯಂತೆ ಹೋಗುತ್ತಿತ್ತು. ಗೌಡರು ಒಂದು ತಿರುವು ಕಳೆದರೆ ಗಡಿಯಾರ ನೋಡುವುದು, ಇನ್ನೊಂದು ತಿರುವು ಕಳೆದರೆ ಸೂರ್ಯನನ್ನು ನೋಡುವುದು. ಬಾಳೂರು ದಾಟಿ ಒಂದು ಏರು ಹತ್ತುವಾಗ ಕಾರು ಎರಡು ಸಲ ಮುಗ್ಗರಿಸಿ ನಿಂತಿತು.

ನಾನು ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ ಹಾರಿ ಬಾನೆಟ್ ಎತ್ತಿದ್ದೆ. ಪೆಟ್ರೋಲ್ ಬಾರದೆ ಕಾರ್ಬುರೇಟರ್ ಒಣಗಿತ್ತು. "ಬಿಸಿಲಿಗೆ ಪಂಪು ಕಾದಿದೆ ಅಷ್ಟೆ" ಎಂದು ಹಳ್ಳದ ನೀರಿನಲ್ಲಿ ಬಟ್ಟೆ ನೆನೆಸಿ ಸುತ್ತಿದೆ. ಅಷ್ಟರಲ್ಲಿ ಎಸ್ಟೇಟ್ ಆಳುಗಳನ್ನು ತುಂಬಿಕೊಂಡ ಜೀಪೊಂದು ಬಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ಕೇಳಿದ, "ಎಂತ ಆಯ್ತು? ಪೆಟ್ರೋಲ್ ಇದ್ಯಾ?"

ಈ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೆಕ್ಯಾನಿಕ್ ಕಣ್ಣೆದುರಿಗೆ ಇರುವಾಗಲೂ ಇದನ್ನೇ ಕೇಳುತ್ತಾರೆ. "ಇಲ್ಲ, ನೀರು ಹಾಕ್ಕೊಂಡು ಬಂದಿದ್ದೀವಿ. ನೀನು ಹೋಗಪ್ಪ" ಎಂದೆ. ಅವನು ನಕ್ಕು ಹೋದ. ಸ್ವಲ್ಪ ಹೊತ್ತಿಗೆ ಕಾರು ಹೊರಟಿತು. ನನಗೆ ಹೆಮ್ಮೆ ತಡೆಯಲಾಗದೆ ಗೌಡರಿಗೆ ಪಂಪು ಕಾಯುವುದರ ಬಗ್ಗೆ ಒಂದು ಭಾಷಣವನ್ನೇ ಮಾಡಿದೆ.

ಹಿರೇಬೈಲಿನ ಹತ್ತಿರ ಮತ್ತೆ ನಿಂತಿತು. ಭಾಷಣ ಅಲ್ಲಿಗೇ ನಿಂತಿತು. ಈ ಸಲ ಕಾರ್ಬುರೇಟರ್ ಬಿಚ್ಚಿದೆ. ಗೌಡರು ರಸ್ತೆಯಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆಯತೊಡಗಿದರು. ಚಪ್ಪಲಿಯ ಸದ್ದು ನನ್ನ ತಲೆಯೊಳಗೇ ನಡೆದಂತೆ ಕೇಳುತ್ತಿತ್ತು. "ಆಯ್ತಾ ರುದ್ರೇಶ?" ಎನ್ನುತ್ತಿದ್ದರು. "ಆಯ್ತು ಗೌಡ್ರೆ" ಎನ್ನುತ್ತಿದ್ದೆ. ಏನೂ ಆಗಿರುತ್ತಿರಲಿಲ್ಲ. ಅವಸರದಲ್ಲಿ ಪೆಟ್ರೋಲ್ ಚಿಮ್ಮಿಸುವ ಸಣ್ಣ ಜೆಟ್ ಕೈಜಾರಿ ಹುಲ್ಲಿಗೆ ಬಿತ್ತು. ಮೂವರೂ ಮಂಡಿಯೂರಿ ಹುಡುಕಿದೆವು. ಸಿಕ್ಕಿದ್ದು ಸುಮಿತ್ರಮ್ಮನವರ ಕೈಗೆ.

ಆಗ ಕಳಸದ ಬಸ್ಸು ಬಂತು. ಗುರುತಿನ ಕಂಡಕ್ಟರು, "ಬನ್ನಿ ಗೌಡ್ರೆ, ಸೀಟಿದೆ. ಅಮ್ಮಾವ್ರೂ ಬರ್ಲಿ. ಅಂದ್ಹಾಗೆ ಪೆಟ್ರೋಲ್ ಇದ್ಯಾ ಅದ್ರಲ್ಲಿ?" ಎಂದು ಕೇಳಿದರು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಕೆಟ್ಟ ಮಾತೇ ಬಾಯಿಂದ ಬರುತ್ತಿತ್ತು.

ಸುಮಿತ್ರಮ್ಮನವರು ಪೆಟ್ಟಿಗೆ ಎತ್ತಿಕೊಂಡರು. "ಹೋಗಣ ರೀ. ರುದ್ರೇಶ ಕಾರು ರೆಡಿ ಮಾಡ್ಕೊಂಡು ಬರ್ತಾನೆ. ನಾವು ಮೊದ್ಲು ಚಪ್ಪರಕ್ಕೆ ಮುಟ್ಟಣ."

"ಕೈ ಬೀಸ್ಕೊಂಡು ಹೋಗಾದಾ? ಅವನು ಕೇಳಿದ್ದು ಕಾರು."

"ಕಾರು ನಾಳೆ ಬೆಳಿಗ್ಗೆಗೆ ಸಾಕು. ನೀವು ಇವತ್ತೇ ಬೇಕು."

"ಯಾರಿಗೆ ಬೇಕು? ಯಾರು ಹೇಳಿದ್ದು ನಿಂಗೆ, ನಾನು ಬೇಕು ಅಂತ?" ಗೌಡರ ದನಿ ಏರಿತು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. "ಬಸ್ಸಿಳಿದು ಹೋದ್ರೆ ಎಲ್ಲರ ಮುಂದೆ ಅಂತಾನೆ, ನೋಡ್ರಪ್ಪ ಅಪ್ಪನ ಕಾರು ದಾರೀಲಿ ಬಿಸಾಡಿ ಬಂದ ಅಂತ. ಅದನ್ನ ಕೇಳಕ್ಕೆ ನಾನು ಅಲ್ಲೀ ತನಕ ಹೋಗ್ಬೇಕಾ?"

ಬಸ್ಸು ಹೋಯಿತು. ಸುಮಿತ್ರಮ್ಮನವರು ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡರು. ನನಗೆ ಅವರ ಮೇಲೆ ಕನಿಕರ, ಗೌಡರ ಮೇಲೆ ಸಿಟ್ಟು, ಕಾರಿನ ಮೇಲೆ ಇನ್ನೂ ಹೆಚ್ಚು ಸಿಟ್ಟು. ನಿಜ ಹೇಳಬೇಕೆಂದರೆ ನಾನೂ ಬಸ್ಸು ಹತ್ತಿ ಮನೆಗೆ ಹೋಗಿಬಿಡಲೇ ಎನ್ನಿಸಿತ್ತು. ಕಾರ್ಬುರೇಟರ್ ಕೂಡಿಸಿ ಸ್ಟಾರ್ಟ್ ಮಾಡುವ ಹಿಡಿ ತಿರುವಿದೆ. ಹೊರಟಿತು. ಗಾಳಿ ಸೋರಿ ಒಳಗೆ ಹೋಗಿತ್ತು, ಅದಕ್ಕೆ. ನಾನು ಮಾತ್ರ ಜೆಟ್ಟಿನ ಕಸ ತೆಗೆದದ್ದರಿಂದ ಎಂದುಕೊಂಡೆ.

ಕಳಸ ಇನ್ನೂ ಸ್ವಲ್ಪ ದೂರ ಇರುವಾಗ ಮೂರನೇ ಸಲ ನಿಂತಿತು. ಪಂಪನ್ನೇ ಕಳಚಿದೆ. ಟ್ಯಾಂಕಿನಿಂದ ಬರುವ ಪೈಪನ್ನು ಬಾಯಿಗಿಟ್ಟು ಕೆನ್ನೆ ಒಡೆಯುವ ಹಾಗೆ ಹಿಂದಕ್ಕೆ ಊದಿದೆ. ಗುಳುಗುಳು ಸದ್ದು ಟ್ಯಾಂಕಿನವರೆಗೆ ಹೋಯಿತು. ಬಾಯೆಲ್ಲ ಪೆಟ್ರೋಲ್, ಕಣ್ಣಲ್ಲಿ ನೀರು. ಆದರೆ ಕಾರು ಎಂದೂ ಓಡದ ಹಾಗೆ ಓಡಿತು. ಓಡದೆ ಏನು, ಟ್ಯಾಂಕಿನೊಳಕ್ಕೆ ನಾನೇ ಗಾಳಿ ತುಂಬಿದ್ದೆನಲ್ಲ! "ಪೈಪಿನಲ್ಲಿ ಕಸ ಇತ್ತು ಗೌಡ್ರೆ. ಇನ್ನು ಮಂಗಳೂರಿಗೆ ಹೋಗಿ ಬನ್ನಿ" ಎಂದೆ. ಕಳಸ ಪೇಟೆಯಲ್ಲಿ ಜೀಪುಗಳು ಸಾಲಾಗಿ ನಿಂತಿದ್ದವು. ಸುಮಿತ್ರಮ್ಮನವರು ಒಂದು ಸಲ, "ಇಲ್ಲಿಂದ ಜೀಪಲ್ಲಿ..." ಎಂದು ಶುರು ಮಾಡಿದರು. ಗೌಡರು ಹಾರನ್ ಹೊಡೆದು ಮುಂದೆ ನಡೆಸಿದರು. ಅವರ ಮುಖದಲ್ಲಿ ಅವತ್ತು ಮೊದಲ ಸಲ ನಗು ಕಂಡದ್ದು ಅಲ್ಲಿ.

ಸಂಸೆಯ ದಾರಿಯಲ್ಲಿ ಅರ್ಧ ಹೋಗಿದ್ದೆವೋ ಇಲ್ಲವೋ, ಒಂದು ತಿರುವಿನಲ್ಲಿ ಕಾರು ಎರಡು ಸಲ ಮುಗ್ಗರಿಸಿತು. ಅದೇ ಮುಗ್ಗರಿಕೆ. ಗೌಡರು ಬ್ರೇಕು ಹಾಕಲಿಲ್ಲ, ಅದಾಗಿಯೇ ನಿಲ್ಲುವವರೆಗೆ ಸ್ಟೀರಿಂಗ್ ಹಿಡಿದು ಕೂತಿದ್ದರು. ಆಮೇಲೆ ಇಳಿದು ಹೋಗಿ ಮೋರಿ ಕಟ್ಟೆಯ ಮೇಲೆ ಕೂತರು. ಹೊತ್ತು ಇಳಿಯುತ್ತಿತ್ತು. ಬಾನೆಟ್ ಎತ್ತಿ ನಿಂತೆ. ಇನ್ನು ಬಿಚ್ಚಲು ಏನೂ ಉಳಿದಿರಲಿಲ್ಲ. ಬಿಚ್ಚಿದ್ದನ್ನೇ ಮತ್ತೆ ಬಿಚ್ಚಿದೆ. ಒಂದು ಜೀಪು ಸಂಸೆಯ ಕಡೆ ಹೋಗುವಾಗ ನಿಧಾನಿಸಿ, ಅವರು ಬಾಯಿ ತೆರೆಯುವುದರೊಳಗೆ ನಾನೇ "ಇದೆ! ಪೆಟ್ರೋಲ್ ಇದೆ!" ಎಂದು ಕೂಗಿಬಿಟ್ಟೆ. ಅವರು ಹೆದರಿ ಹೋಗಿಬಿಟ್ಟರು.

"ಇಷ್ಟೊತ್ತಿಗೆ ಕಂಬ ಎಲ್ಲಾ ಎದ್ದಿರುತ್ತೆ" ಎಂದರು ಗೌಡರು, ಯಾರಿಗೂ ಅಲ್ಲ. "ಸೊಪ್ಪು ಹೊದಿಸ್ತಿರ್ತಾರೆ. ವಾಪಸ್ ಹೋಗಣ ಸುಮಿತ್ರಾ. ಅವನು ಹೇಳಿದ್ದೇ ಸರಿ. ನನ್ ಕೈಗೆ ಬಂದ್ಮೇಲೆ ಇದು ಕೆಟ್ಟಿದ್ದೇ."

ಸುಮಿತ್ರಮ್ಮನವರು ಅವರ ಪಕ್ಕ ಹೋಗಿ ಕೂತರು. ನಾನು ಪಾನಾ ಕೆಳಗಿಟ್ಟೆ. ನನಗೂ ಅಳು ಬಂದಂತಾಗಿತ್ತು. ಕೈಯಲ್ಲಿ ವಿದ್ಯೆ ಇದೆ ಎಂದುಕೊಂಡವನಿಗೆ ಅದು ಇಲ್ಲ ಎಂದು ತೋರಿದಾಗ ಆಗುವ ಸಂಕಟ, ಈ ಕೆಲಸಕ್ಕೆ ಬರುವವರೆಲ್ಲ ಒಂದಲ್ಲ ಒಂದು ದಿನ ಪಡಲೇಬೇಕು.

ಸಂಸೆಯ ಕಡೆಯಿಂದ ಧೂಳೆಬ್ಬಿಸಿಕೊಂಡು ಒಂದು ಜೀಪು ಬಂತು. ಇಳಿದವರು ಉದ್ದನೆಯ ಆಳು, ಮಂಡಿಯವರೆಗೆ ಎತ್ತಿ ಕಟ್ಟಿದ ಪಂಚೆ, ಮೈಮೇಲೆಲ್ಲ ಸೊಪ್ಪಿನ ಚೂರು. ಗೌಡರು ತಟ್ಟನೆ ಎದ್ದು ನಿಂತದ್ದು ನೋಡಿ ನನಗೆ ಗೊತ್ತಾಯಿತು, ಇವರೇ ಮಂಜಪ್ಪ ಗೌಡರು ಎಂದು. ಆಗ ಹೋದ ಜೀಪಿನವರು ಸುದ್ದಿ ಮುಟ್ಟಿಸಿದ್ದರು.

ಅವರು ತಮ್ಮನ ಕಡೆ ನೋಡಲಿಲ್ಲ. ನೇರ ಕಾರಿನ ಹತ್ತಿರ ಬಂದರು. ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನನ್ನು ಕೇಳಿದರು, "ಪೆಟ್ರೋಲ್ ಇದ್ಯಾ?"

ಬೇರೆ ಯಾರಾದರೂ ಆಗಿದ್ದರೆ ಅವತ್ತು ಅಲ್ಲಿ ಜಗಳವೇ ಆಗುತ್ತಿತ್ತು. ನುಂಗಿಕೊಂಡು, "ಫುಲ್ ಇದೆ ಗೌಡ್ರೆ. ನಾನೇ ತುಂಬ್ಸಿದ್ದು" ಎಂದೆ.

"ನೀವು ತುಂಬ್ಸಿರ್ಬಹುದು. ಇವನ ಗಾಡೀಲಿ ಇದೆ ಅಂದ್ರೆ ನಾನು ನೋಡ್ದೆ ನಂಬಲ್ಲ" ಎಂದು ಹಿಂದಕ್ಕೆ ಹೋಗಿ ಬಿರಡೆ ಹಿಡಿದು ತಿರುವಿದರು. ಅದು ಜಗ್ಗಲಿಲ್ಲ. ಎರಡೂ ಕೈ ಹಾಕಿ, ಕಾಲು ಒತ್ತಿ ನಿಂತು ಎಳೆದರು.

ಉಸ್ಸೆಂದು ಸದ್ದಾಯಿತು. ಎಷ್ಟೋ ಹೊತ್ತು ನೀರೊಳಗೆ ಮುಳುಗಿದ್ದವನು ಮೇಲೆ ಬಂದು ಉಸಿರೆಳೆದುಕೊಂಡ ಹಾಗೆ, ಟ್ಯಾಂಕು ಗಾಳಿ ಎಳೆದುಕೊಂಡಿತು. ನಾನು ನಿಂತಲ್ಲೇ ತಲೆ ಚಚ್ಚಿಕೊಂಡೆ. ದಾರಿಯುದ್ದಕ್ಕೂ ಜನ ಕೇಳಿದ್ದರು. ಒಬ್ಬರ ಬಾಯಿ ಮುಚ್ಚಿಸಲಿಕ್ಕಾದರೂ ಒಂದು ಸಲ ಆ ಬಿರಡೆ ತೆಗೆದಿದ್ದರೆ ಬೆಳಿಗ್ಗೆಯೇ 'ಉಸ್' ಎಂದಿರುತ್ತಿತ್ತು. ಓಡಿ ಹೋಗಿ ಎಲ್ಲ ಕೂಡಿಸಿ ಸ್ಟಾರ್ಟ್ ಮಾಡಿದೆ. ಎಂಜಿನ್ ಗುರ್ರೆಂದಿತು. ನಾನು ಒಬ್ಬನೇ ನಕ್ಕೆ. ಬೇರೆ ಯಾರೂ ನಗಲಿಲ್ಲ.

ಮಂಜಪ್ಪ ಗೌಡರು ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಯಾರು ಮಾಡ್ಸಿದ್ದು ಇದನ್ನ?" ಎಂದು ಗಾಳಿಗೆ ಕೇಳಿದರು.

"ನಾನೇ" ಎಂದರು ತಮ್ಮ. "ನಿಮ್ಮನೆಗೆ ಬರಾದಲ್ವಾ, ಚಂದ ಕಾಣ್ಲಿ ಅಂತ."

"ಚಂದ ಇದೆ" ಎಂದು ಅದನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡು, ಹೆಗಲ ಮೇಲಿನ ಟವೆಲನ್ನೇ ಮಡಿಚಿ ಟ್ಯಾಂಕಿನ ಬಾಯಿಗೆ ತುರುಕಿದರು.

ರತ್ನಾಕರ ಗೌಡರು ಅಷ್ಟು ದೂರದಲ್ಲೇ ನಿಂತು, ಶಾಲೆಯಲ್ಲಿ ಮೇಷ್ಟರ ಮುಂದೆ ಒಪ್ಪಿಸಿದಂತೆ ಹೇಳಿದರು. "ಹೊತ್ತಿಗೆ ಸರಿಯಾಗಿ ಕಾರು ಮುಟ್ಟಿಸ್ಬೇಕು ಅಂತ ಬೆಳಿಗ್ಗೆಯೇ ಹೊರಟಿದ್ದೆ ಅಣ್ಣ. ಬಸ್ಸೂ ಸಿಕ್ತು. ಆದ್ರೆ ನೀನು ಹೇಳಿದ್ದು ಕಾರು ಅಲ್ವಾ. ಬಿಟ್ಟು ಹೆಂಗೆ ಬರಾದು ಅಂತ..."

ಮಂಜಪ್ಪ ಗೌಡರು ಆಗ ಮೊದಲ ಸಲ ತಮ್ಮನ ಮುಖ ನೋಡಿದರು. ದನಿ ಗಟ್ಟಿಯಾಗಿಯೇ ಇತ್ತು, ಗದರಿದಂತೆ. "ಕಾರು ಕಟ್ಕೊಂಡು ನಾನು ಎಂತ ಮಾಡ್ಲಿ? ನನ್ ಹತ್ರ ಜೀಪಿಲ್ವಾ? ಕಳಸದಲ್ಲಿ ಬಾಡಿಗೆ ಕಾರು ಸಿಗಲ್ವಾ? ಕಾರು ಬರ್ಲಿ ಅಂದ್ರೆ ಬಿಟ್ಕೊಂಡು ಬರಾನು ನೀನೇ ಅಲ್ವೇನೋ, ಮಾರಾಯ?"

ಎಂಜಿನ್ ಓಡುತ್ತಲೇ ಇತ್ತು. ಅದನ್ನು ಬಂದ್ ಮಾಡಲೂ ನನಗೆ ಧೈರ್ಯವಾಗಲಿಲ್ಲ. ಸುಮಿತ್ರಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ರತ್ನಾಕರ ಗೌಡರು ಕಾರಿನ ಬಾಗಿಲು ತೆರೆದು ಅಣ್ಣನಿಗೆ ಸ್ಟೀರಿಂಗ್ ಕಡೆ ಕೈ ತೋರಿಸಿದರು. ಮಂಜಪ್ಪ ಗೌಡರು, "ಹೊತ್ತಾಯ್ತು, ಹೊತ್ತಾಯ್ತು, ಸೊಪ್ಪು ಹೊದಿಸ್ತಾ ಇದಾರೆ" ಎನ್ನುತ್ತ ಹತ್ತಿ ಕೂತರು. ರತ್ನಾಕರ ಗೌಡರು ಪಕ್ಕದಲ್ಲಿ, ಸುಮಿತ್ರಮ್ಮನವರು ಹಿಂದೆ ಕೂತರು. ಕಾರು ಹೊರಟಿತು. ನಾನು ಪಾನಾಗಳನ್ನು ಚೀಲಕ್ಕೆ ತುಂಬಿಕೊಂಡು ಹಿಂದೆ ಡ್ರೈವರ್ ಹೊರಡಿಸಿದ ಜೀಪು ಹತ್ತಿದೆ.

ಜೀಪಿನಲ್ಲಿ ನನ್ನ ಜೀವ ಕೈಯಲ್ಲಿತ್ತು. ಇಷ್ಟು ಹೊತ್ತಿಗೆ ಯಾವ ಗಾಡಿಯನ್ನೂ ನಂಬುವ ಸ್ಥಿತಿ ನನ್ನದಲ್ಲ. ಕತ್ತು ಚಾಚಿ ಕಾರಿನ ಹಿಂಭಾಗವನ್ನೇ ನೋಡುತ್ತಿದ್ದೆ. ಎರಡು ತಿರುವು ಕಳೆಯಿತು. ಮೂರನೇ ತಿರುವಿನಲ್ಲಿ, ದೂರದಲ್ಲಿ ಅವರ ತೋಟದ ಗೇಟು ಕಾಣುವ ಜಾಗದಲ್ಲಿ, ಕಾರು ರಸ್ತೆಯ ಪಕ್ಕಕ್ಕೆ ಸರಿದು ನಿಂತುಬಿಟ್ಟಿತು.

ಜೀಪಿನಿಂದ ಹಾರಿ, ಚೀಲ ಹಿಡಿದುಕೊಂಡು ಓಡಿದೆ. ನಾನು ಮುಂದಿನ ಗಾಲಿಯ ಹತ್ತಿರ ಮುಟ್ಟುವುದರೊಳಗೆ ಹಿಂದಿನ ಕಿಟಕಿಯಿಂದ ಸುಮಿತ್ರಮ್ಮನವರ ಕೈ ಹೊರಬಂದು ನನ್ನ ತೋಳು ಹಿಡಿಯಿತು.

ಮುಂದಿನ ಸೀಟಿನಲ್ಲಿ ಮಂಜಪ್ಪ ಗೌಡರು ಸ್ಟೀರಿಂಗಿನ ಮೇಲೆ ಹಣೆ ಇಟ್ಟಿದ್ದರು. ಬೆನ್ನು ಕುಲುಕುತ್ತಿತ್ತು. ರತ್ನಾಕರ ಗೌಡರು ಒಂದು ಕೈಯನ್ನು ಆ ಬೆನ್ನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಕಾರಿಗೆ ಏನೂ ಆಗಿಲ್ಲ ರುದ್ರೇಶ" ಎಂದರು ಸುಮಿತ್ರಮ್ಮನವರು ಮೆಲ್ಲಗೆ. "ನೀನು ಜೀಪಲ್ಲಿ ಮುಂದೆ ಹೋಗು. ಚಪ್ಪರದ ಕೆಲ್ಸ ಅಲ್ಲಿಗೇ ನಿಲ್ಸಿ ಅಂತ ಹೇಳು. ಮನೆಯವರಿಬ್ರು ಬರಾದು ಬಾಕಿ ಇದೆ."